ಥೇಮ್ಸ್ ಡಿಟ್ಟನ್: ಎಂಜಿನಿಲ್ಲದ ಕಾರುಗಳ ಊರು

ಲಂಡನ್ನಿನ ವಾಟರ್ಲೂ ನಿಲ್ದಾಣದಿಂದ ಹ್ಯಾಂಪ್ಟನ್ ಕೋರ್ಟಿಗೆ ಹೋಗುವ ರೈಲಿನಲ್ಲಿ ಪ್ರವಾಸಿಗಳಿಗೆ ಕೊರತೆಯಿಲ್ಲ. ಎಂಟನೆಯ ಹೆನ್ರಿಯ ಅರಮನೆಯನ್ನು ಕಾಣುವ ಆತುರ ಅವರದು. ಸರ್ಬಿಟನ್ ದಾಟಿದ ಮೇಲೆ, ಅರಮನೆಗೆ ಒಂದೇ ನಿಲ್ದಾಣ ಹಿಂದೆ, ಥೇಮ್ಸ್ ಡಿಟ್ಟನ್ ಎಂಬ ಸಣ್ಣ ಊರು ಬರುತ್ತದೆ. ಅಲ್ಲಿ ಇಳಿಯುವವರು ಬಹುಮಟ್ಟಿಗೆ ಆ ಊರಿನವರೇ.

ಊರು ಚಿಕ್ಕದಾದರೂ ಚೆಲುವಾದದ್ದು. ಸಂತ ನಿಕೋಲಸನ ಹೆಸರಿನ ಪುರಾತನ ಇಗರ್ಜಿ, ಬಾಗಿ ಸಾಗುವ ಹಳೆಯ ಬೀದಿ, ಅದರ ತುದಿಯಲ್ಲಿ ಸಾವಧಾನವಾಗಿ ಹರಿಯುವ ಥೇಮ್ಸ್. ನದಿಯ ನಡುವೆ ಪುಟ್ಟ ದ್ವೀಪವೊಂದಿದೆ. ಅಲ್ಲಿನ ಮನೆಗಳಿಗೆ ದಡದಿಂದ ಕಾಲುನಡಿಗೆಯ ತೂಗುಸೇತುವೆಯೊಂದೇ ದಾರಿ. ಹಂಸಗಳು ನೀರಿನ ಮೇಲೆ ತೇಲುತ್ತವೆ. ದಡದ ಬೆಂಚಿನ ಮೇಲೆ ವೃದ್ಧರು ದಿನಪತ್ರಿಕೆ ಓದುತ್ತಾರೆ. ಇಷ್ಟು ನಿಶ್ಶಬ್ದವಾದ ಊರಿನಿಂದ, ಜಗತ್ತಿನಲ್ಲಿ ಅತ್ಯಂತ ಸದ್ದುಮಾಡಿದ ಕಾರುಗಳಲ್ಲೊಂದು ಹೊರಟಿತೆಂದರೆ ಯಾರು ತಾನೆ ನಂಬಿಯಾರು?

ಸರ್ಬಿಟನ್ನಿನಲ್ಲಿ ನನ್ನ ತಂಗಿಯ ಮಗಳ ಸಂಸಾರವಿದೆ. ಅವರ ಎದುರು ಮನೆಯವರು ಶಾಲೆಯಲ್ಲಿ ಮರಗೆಲಸ ಕಲಿಸಿ ನಿವೃತ್ತರಾದ ಒಬ್ಬ ಆಂಗ್ಲ ಗೃಹಸ್ಥರು. ಎಪ್ಪತ್ತು ದಾಟಿದ ವಯಸ್ಸು; ಮಿತಭಾಷಿ. ಅವರ ಹಿತ್ತಲಿನ ಕೊಟ್ಟಿಗೆಯಲ್ಲಿ ಒಂದು ಕಾರು ಮೂರು ವರ್ಷಗಳಿಂದ ರೂಪುಗೊಳ್ಳುತ್ತಿದೆಯೆಂದೂ, ಇನ್ನೂ ಅದಕ್ಕೆ ಎಂಜಿನು ನಿಶ್ಚಯವಾಗಿಲ್ಲವೆಂದೂ ಹುಡುಗಿ ನನಗೆ ಮೊದಲೇ ಹೇಳಿದ್ದಳು. ಕಾರಿನ ವಿಷಯ ಕೇಳಿದಾಗ ಆತ ಕೊಟ್ಟಿಗೆಯ ಬಾಗಿಲು ತೆರೆಯಲಿಲ್ಲ. "ಮೊದಲು ಊರು ನೋಡಿಬನ್ನಿ, ಆಮೇಲೆ ಕಾರು," ಎಂದು ನನ್ನನ್ನು ಥೇಮ್ಸ್ ಡಿಟ್ಟನ್ನಿಗೆ ತಾವೇ ಕರೆದೊಯ್ದರು.

ನದೀತೀರದ ಕಾರ್ಖಾನೆ

ನದಿಗೆ ಹತ್ತಿರವಾಗಿ ಗರಗಸದ ಹಲ್ಲಿನಂತೆ ಮಾಡು ಎದ್ದು ಬಿದ್ದಿರುವ ಇಟ್ಟಿಗೆಯ ಕಟ್ಟಡವೊಂದಿದೆ. ಅದಕ್ಕೆ ಫೆರಿ ವರ್ಕ್ಸ್ ಎಂದು ಹೆಸರು. ವಿಲ್ಲನ್ಸ್ ಮತ್ತು ರಾಬಿನ್ಸನ್ ಎಂಬ ಸಂಸ್ಥೆಯವರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಲ್ಲಿ ವೇಗದ ಉಗಿಯಂತ್ರಗಳನ್ನು ಮಾಡುತ್ತಿದ್ದರು. ಅವರು ರಗ್ಬಿ ಪಟ್ಟಣಕ್ಕೆ ತೆರಳಿದ ಮೇಲೆ, 1911ರಲ್ಲಿ ಆಟೋ ಕ್ಯಾರಿಯರ್ಸ್ ಎಂಬ ಸಂಸ್ಥೆ ಈ ಊರಿಗೆ ಬಂತು. ಅದೇ ಮುಂದೆ ಎ.ಸಿ. ಎಂಬ ಎರಡಕ್ಷರದಿಂದ ಪ್ರಸಿದ್ಧವಾಯಿತು. ಅದರ ಮೂಲಪುರುಷರು ಇಬ್ಬರು: ಹಣ ಹಾಕಿದ ಪೋರ್ಟ್‌ವೈನ್ ಮಾಂಸದ ವ್ಯಾಪಾರಿ; ಬುದ್ಧಿ ಹಾಕಿದ ವೆಲ್ಲರ್ ಎಂಜಿನಿಯರು. ಅಂಗಡಿಯ ಸಾಮಾನು ಸಾಗಿಸುವ ಮೂರು ಗಾಲಿಯ ಬಂಡಿಯೇ ಅವರ ಆರಂಭದ ಸರಕು.

ವೆಲ್ಲರ್ 1919ರಲ್ಲಿ ಆರು ಸಿಲಿಂಡರಿನ, ಎರಡು ಲೀಟರಿನ ಒಂದು ಎಂಜಿನನ್ನು ರೂಪಿಸಿದ. ಆ ಕಾಲಕ್ಕೆ ಅದೊಂದು ಸೋಜಿಗ. ಅದನ್ನು ಬಿಡಲು ಸಂಸ್ಥೆಗೆ ಮನಸ್ಸೇ ಬರಲಿಲ್ಲ. 1963ರವರೆಗೂ ಅದೇ ಎಂಜಿನನ್ನು ಮಾಡುತ್ತ ಬಂದರು. ಒಂದು ಯಂತ್ರ ನಾಲ್ಕು ದಶಕ ಬಾಳಿತೆಂದರೆ ಮೆಚ್ಚಬೇಕಾದ ಮಾತೇ. ಆದರೆ ಅಜ್ಜನ ಎದೆಯನ್ನು ಮೊಮ್ಮಗನಿಗೆ ಇಟ್ಟು ಓಡು ಎಂದರೆ ಎಷ್ಟು ದೂರ ಓಡಿಯಾನು? 1953ರಲ್ಲಿ ಈ ಸಂಸ್ಥೆ ಏಸ್ ಎಂಬ ಸುಂದರವಾದ ತೆರೆದ ಕಾರನ್ನು ಹೊರತಂದಿತು. ಜಾನ್ ಟೊಜೀರೊ ಎಂಬಾತನ ರಚನೆಯನ್ನು ಆಧರಿಸಿದ ಕಾರು ಅದು. ಮೂರಂಗುಲದ ಎರಡು ಉಕ್ಕಿನ ಕೊಳವೆಗಳು ಬೆನ್ನೆಲುಬು. ಮೇಲೆ ಕೈಯಿಂದ ಬಡಿದು ಮಾಡಿದ ಅಲ್ಯುಮಿನಿಯಂ ಮೈ. ಚೆಲುವಿಗೆ ತಕ್ಕ ಬಲವಿರಲಿಲ್ಲವಾಗಿ, 1956ರಿಂದ ಬ್ರಿಸ್ಟಲ್ ಸಂಸ್ಥೆಯ ಎಂಜಿನನ್ನು ತರಿಸಿ ಕೂರಿಸಿದರು. ಅದರ ವಂಶವೋ ಯುದ್ಧಪೂರ್ವದ ಜರ್ಮನಿಯ ಬಿ.ಎಂ.ಡಬ್ಲ್ಯು.ನದು. 1961ರಲ್ಲಿ ಬ್ರಿಸ್ಟಲ್ ತನ್ನ ಕಾರುಗಳಿಗೆ ಅಮೆರಿಕದ ಎಂಟು ಸಿಲಿಂಡರಿನ ಎಂಜಿನನ್ನು ಆರಿಸಿಕೊಂಡಿತು. ಥೇಮ್ಸ್ ಡಿಟ್ಟನ್ನಿನ ಕಾರಿಗೆ ಮತ್ತೆ ಎದೆಯ ಚಿಂತೆ.

ಟೆಕ್ಸಾಸಿನಿಂದ ಬಂದ ಕಾಗದ

ಆ ಸಮಯಕ್ಕೆ, 1961ರ ಸೆಪ್ಟೆಂಬರಿನಲ್ಲಿ, ಅಮೆರಿಕದಿಂದ ಒಂದು ಕಾಗದ ಬಂತು. ಬರೆದವನು ಕ್ಯಾರಲ್ ಶೆಲ್ಬಿ, ಟೆಕ್ಸಾಸಿನವನು. 1959ರಲ್ಲಿ ಫ್ರಾನ್ಸಿನ ಲ ಮಾನ್ಸ್ ಇಪ್ಪತ್ತನಾಲ್ಕು ಗಂಟೆಯ ಪಂದ್ಯವನ್ನು ಜೊತೆಗಾರನೊಡನೆ ಗೆದ್ದವನು. ಹೃದ್ರೋಗದ ದೆಸೆಯಿಂದ ಮರುವರ್ಷವೇ ಪಂದ್ಯವನ್ನು ತೊರೆದವನು. ತನ್ನ ಹೃದಯ ದುರ್ಬಲವಾದ ಮನುಷ್ಯ ಪರದೇಶದ ಕಾರೊಂದಕ್ಕೆ ಬಲವಾದ ಹೃದಯವನ್ನು ಹುಡುಕಲು ಹೊರಟನೆಂಬುದು ವಿಧಿಯ ವಿನೋದ. ನಿಮ್ಮ ಕಾರಿಗೆ ಎಂಟು ಸಿಲಿಂಡರಿನ ಎಂಜಿನನ್ನು ಕೂರಿಸಬಹುದೆ ಎಂಬುದು ಅವನ ಪ್ರಶ್ನೆ. ತಕ್ಕ ಎಂಜಿನು ದೊರೆತರೆ ಆಗಬಹುದೆಂದು ಇವರ ಉತ್ತರ.

ಫೋರ್ಡ್ ಸಂಸ್ಥೆ ಆಗತಾನೆ ತೆಳುಗೋಡೆಯ ಬೀಡುಕಬ್ಬಿಣದಿಂದ ಎರಕಹೊಯ್ದ ಹಗುರವಾದ ಎಂಟು ಸಿಲಿಂಡರಿನ ಎಂಜಿನನ್ನು ತಯಾರಿಸಿತ್ತು. 1962ರ ಫೆಬ್ರುವರಿಯಲ್ಲಿ ಎಂಜಿನಿಲ್ಲದ ಒಂದು ಕಾರು ವಿಮಾನದಲ್ಲಿ ಲಾಸ್ ಏಂಜಲಿಸ್ ತಲುಪಿತು. ಶೆಲ್ಬಿಯೂ ಸಂಗಡಿಗರೂ ಕೆಲವೇ ಗಂಟೆಗಳಲ್ಲಿ 260 ಘನ ಅಂಗುಲದ, ಎಂದರೆ ಸುಮಾರು 4.2 ಲೀಟರಿನ ಫೋರ್ಡ್ ಎಂಜಿನನ್ನು ಅದರಲ್ಲಿ ಇಳಿಸಿ ರಸ್ತೆಗೆ ತಂದರು. ಅದಕ್ಕೆ ಕೋಬ್ರಾ ಎಂದು ಹೆಸರಿಟ್ಟರು; ನಮ್ಮ ನಾಗರಹಾವೇ! ಬಳಿಕ 289 ಘನ ಅಂಗುಲದ್ದು ಬಂತು. 1965ರಲ್ಲಿ 427ರ, ಏಳು ಲೀಟರಿನ ದೈತ್ಯ. ಆ ವರ್ಷವೇ ಶೆಲ್ಬಿಯ ಪಡೆ ಫೆರಾರಿಯನ್ನು ಹಿಂದಿಕ್ಕಿ ವಿಶ್ವ ಜಿ.ಟಿ. ಪ್ರಶಸ್ತಿಯನ್ನು ಗೆದ್ದಿತು. ಗೆದ್ದದ್ದು ಏಳು ಲೀಟರಿನ ದೈತ್ಯದಿಂದಲ್ಲ, 289ರ ಎಂಜಿನಿನಿಂದ, ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ನನ್ನ ಮಾರ್ಗದರ್ಶಕರು ಹೈ ಸ್ಟ್ರೀಟಿನಲ್ಲಿ ಒಂದೆಡೆ ನಿಂತರು. ಎ.ಸಿ. ಸಂಸ್ಥೆ ಇಲ್ಲಿನ ಕೆಲಸವನ್ನು 1984ರಲ್ಲಿ ನಿಲ್ಲಿಸಿತು. "ನನ್ನ ಅಣ್ಣ ಹದಿನಾರನೆಯ ವಯಸ್ಸಿನಲ್ಲಿ ಇಲ್ಲಿ ಕೆಲಸ ಕಲಿಯಲು ಸೇರಿದ. ತಗಡು ಬಡಿಯುವ ವಿಭಾಗ. ಸಂಜೆ ಮನೆಗೆ ಬಂದರೆ ಅವನ ಕಿವಿಯಲ್ಲಿ ಸುತ್ತಿಗೆಯ ಸದ್ದು ಊಟ ಮುಗಿಯುವವರೆಗೂ ನಿಲ್ಲುತ್ತಿರಲಿಲ್ಲವಂತೆ," ಎಂದರು. ಅಣ್ಣ ತೀರಿಕೊಂಡು ನಾಲ್ಕು ವರ್ಷವಾಗಿದೆ. ನಿವೃತ್ತರಾದ ಮೇಲೆ ಇಬ್ಬರೂ ಸೇರಿ ಒಂದು ಕೋಬ್ರಾದ ಪ್ರತಿಕೃತಿಯನ್ನು ಕಟ್ಟಬೇಕೆಂದು ಮಾತಾಗಿತ್ತು. ಕಟ್ಟುವುದಾದರೆ ಏಳು ಲೀಟರಿನದೇ ಆಗಬೇಕೆಂಬುದು ಅಣ್ಣನ ಹಟ.

ಪ್ರತಿಕೃತಿಯೆಂದರೇನು?

ಅಸಲು ಕೋಬ್ರಾಗಳು ತಯಾರಾದದ್ದು ಒಟ್ಟು ಸಾವಿರದ ಆಸುಪಾಸು. ಶೆಲ್ಬಿ ಮೊಟ್ಟಮೊದಲು ಕಟ್ಟಿದ ಕಾರು 2016ರಲ್ಲಿ ಹರಾಜಿಗೆ ಬಂದು 1 ಕೋಟಿ 37 ಲಕ್ಷ 50 ಸಾವಿರ ಡಾಲರುಗಳಿಗೆ ಮಾರಾಟವಾಯಿತು. ಪಿಂಚಣಿಯಲ್ಲಿ ಬದುಕುವ ಉಪಾಧ್ಯಾಯರಿಗೆ ಅದು ಆಕಾಶದ ಮಾತು. ಆದುದರಿಂದಲೇ ಪ್ರತಿಕೃತಿಗಳು ಹುಟ್ಟಿದವು. ಇಂಗ್ಲೆಂಡಿನಲ್ಲಿ ಚಾಸಿಯನ್ನೂ ಗಾಜಿನ ನಾರಿನ ಮೈಯನ್ನೂ ಬಿಡಿಯಾಗಿ ಮಾರುವ ಸಣ್ಣ ಸಂಸ್ಥೆಗಳುಂಟು. ಕೊಂಡವನು ಹಳೆಯ ಜಾಗ್ವಾರಿನಿಂದಲೋ ಬೇರಾವುದರಿಂದಲೋ ಅಚ್ಚು, ಡಿಫರೆನ್ಷಿಯಲ್, ಬ್ರೇಕುಗಳನ್ನು ಹವಣಿಸಿ ತನ್ನ ಮನೆಯಲ್ಲೇ ಜೋಡಿಸಿಕೊಳ್ಳುತ್ತಾನೆ. ಎಂಜಿನು ಮಾತ್ರ ಅವನ ಇಷ್ಟ. ತಲೆನೋವು ಶುರುವಾಗುವುದೂ ಅಲ್ಲೇ.

ಇದನ್ನು ನಕಲೆಂದು ಹಳಿಯುವವರೂ ಇದ್ದಾರೆ. ಆದರೆ ಥೇಮ್ಸ್ ಡಿಟ್ಟನ್ ಪಡಿಯಚ್ಚಿನ ಬೆಲೆಯನ್ನು ಬಲ್ಲ ಊರು. ಲಂಡನ್ನಿನ ವೆಲಿಂಗ್ಟನ್ ಕಮಾನಿನ ಮೇಲೆ ನಾಲ್ಕು ಕುದುರೆಗಳ ಕಂಚಿನ ರಥವಿದೆಯಲ್ಲ, ಅದನ್ನು ಎರಕಹೊಯ್ದದ್ದು ಈ ಊರಿನ ಎರಕದ ಮನೆಯಲ್ಲೇ. ಇನ್ನು ಅಸಲಿನ ಅಸಲುತನ ಎಷ್ಟೆಂದು ನೋಡಹೋದರೆ ಅಲ್ಲಿಯೂ ನಗೆಗೆ ಎಡೆಯುಂಟು. 427 ಎಂದು ಮಾರಿದ ಅಸಲು ಕಾರುಗಳಲ್ಲಿ ಹಲವಕ್ಕೆ ಶೆಲ್ಬಿ ಕೂರಿಸಿದ್ದು, ಅಗ್ಗವಾಗಿ ದೊರೆಯುತ್ತಿದ್ದ 428ರ ಬೇರೊಂದು ಎಂಜಿನನ್ನು. ಅದು ದೊಡ್ಡ ಸಾಧಾರಣ ಕಾರುಗಳಿಗೆಂದು ಮಾಡಿದ್ದು. ಮೂಲಕರ್ತನೇ ಕೈಗೆ ಸಿಕ್ಕಿದ್ದನ್ನು ಆರಿಸಿಕೊಂಡಿರುವಾಗ, ಇನ್ನಾರಿಗೆ ಯಾವ ನಿಷ್ಠೆಯ ಕಟ್ಟು?

ಕೊಟ್ಟಿಗೆಯ ನಾಲ್ಕು ಹೆಸರುಗಳು

ಮರಳಿ ಬಂದ ಮೇಲೆ ಕೊಟ್ಟಿಗೆಯ ಬಾಗಿಲು ತೆರೆಯಿತು. ಒಳಗೆ ಚಾಸಿ ಗಾಲಿಗಳ ಮೇಲೆ ನಿಂತಿತ್ತು. ಮೈ ಬೇರೆಯಾಗಿ ಮರದ ಕುದುರೆಗಳ ಮೇಲೆ ಮಲಗಿತ್ತು. ಮುಂಭಾಗ ಬರಿದು. ಆ ಬರಿದಾದ ಜಾಗದಲ್ಲಿ ಆತ ಎಂಜಿನಿನ ಅಳತೆಗೆ ಸರಿಯಾಗಿ ಹಲಗೆಯಿಂದ ಒಂದು ಆಕಾರವನ್ನು ಮಾಡಿ ಇಟ್ಟಿದ್ದರು; ಮರಗೆಲಸದ ಮೇಷ್ಟರಲ್ಲವೆ! ಗೋಡೆಯ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ನಾಲ್ಕು ಹೆಸರುಗಳು.

ಮೊದಲನೆಯದು ರೋವರ್. ಇದರ ಕಥೆಯೇ ಒಂದು ಪುರಾಣ. 1961ರಲ್ಲಿ ಅಮೆರಿಕದ ಬ್ಯೂಯಿಕ್ ಇದನ್ನು ಪೂರ್ತಿ ಅಲ್ಯುಮಿನಿಯಂನಲ್ಲಿ ಎರಕಹೊಯ್ದು ತಂದಿತು, 3.5 ಲೀಟರು, ತೂಕ ಕೇವಲ 144 ಕಿಲೋಗ್ರಾಂ. ಎರಕದ ತೊಡಕು ಹೆಚ್ಚಾಗಿ, ವೆಚ್ಚವೂ ಏರಿ, ಮೂರೇ ವರ್ಷಕ್ಕೆ ಕೈಬಿಟ್ಟರು. ಇಂಗ್ಲೆಂಡಿನ ರೋವರ್ ಸಂಸ್ಥೆಯ ಮುಖ್ಯಸ್ಥ ಮಾರ್ಟಿನ್-ಹರ್ಸ್ಟ್ ಅಮೆರಿಕದಲ್ಲಿ ದೋಣಿಯ ಯಂತ್ರ ಮಾಡುವವರ ಕಾರ್ಯಾಗಾರದಲ್ಲಿ ಅದನ್ನು ಕಂಡು, 1965ರಲ್ಲಿ ಹಕ್ಕನ್ನೇ ಕೊಂಡು ತಂದ. ತವರಿನಲ್ಲಿ ಬೇಡವಾದ ಹೆಣ್ಣು ಸೇರಿದ ಮನೆಯನ್ನು ಬೆಳಗಿದಂತೆ, 1967ರಿಂದ ಮುಂದೆ ಅದು ರೋವರನ್ನೂ ರೇಂಜ್ ರೋವರನ್ನೂ ಮಾರ್ಗನ್ನನ್ನೂ ದಶಕಗಳ ಕಾಲ ಓಡಿಸಿತು. ಅದರ ಒಡಹುಟ್ಟಾದ ಓಲ್ಡ್ಸ್‌ಮೊಬೀಲಿನ ಎರಕದಿಂದ ಬೆಳೆಸಿದ ಎಂಜಿನಿನಲ್ಲೇ ಜ್ಯಾಕ್ ಬ್ರ್ಯಾಬಮ್ 1966ರ ವಿಶ್ವ ಪ್ರಶಸ್ತಿಯನ್ನು ಗಳಿಸಿದ. ದೋಷವಿಲ್ಲವೆಂದಲ್ಲ. ಎಣ್ಣೆ ಬದಲಿಸಲು ಸೋಮಾರಿತನ ಮಾಡಿದರೆ ಕ್ಯಾಮ್ ಶಾಫ್ಟ್ ಸವೆಯುತ್ತದೆ. ದೊಡ್ಡ ಗಾತ್ರದವುಗಳಲ್ಲಿ ಸಿಲಿಂಡರಿನ ಹಿಂದೆ ಬಿರುಕು ಬಿಟ್ಟು ನೀರು ಸೋರುವುದುಂಟು.

ಎರಡನೆಯದು ಫೋರ್ಡಿನ 302, ಐದು ಲೀಟರು. ಶೆಲ್ಬಿ ಮೊದಲು ಇಳಿಸಿದ ಎಂಜಿನಿನ ನೇರ ತಮ್ಮ. ಬೀಡುಕಬ್ಬಿಣದ್ದಾದ್ದರಿಂದ ತೂಕ 200 ಕಿಲೋಗ್ರಾಮಿಗೂ ಮೇಲೆ, ಬಿಡಿಭಾಗಗಳು ಹೇರಳ. ಮೂರನೆಯದು ಷೆವ್ರೊಲೆಯ 350, 5.7 ಲೀಟರು. ಇದಕ್ಕೆ ಸಿಗದ ಬಿಡಿಭಾಗವಿಲ್ಲ. ಆದರೆ ಫೋರ್ಡಿನ ಹುತ್ತದಲ್ಲಿ ಪ್ರತಿಸ್ಪರ್ಧಿಯ ಹಾವನ್ನು ಬಿಟ್ಟರೆ ಕೋಬ್ರಾ ಅಭಿಮಾನಿಗಳು ಮುಖ ತಿರುಗಿಸುತ್ತಾರೆ. ಅಭಿಮಾನದ ಮಾತು ಬಿಟ್ಟರೂ, ಫೋರ್ಡಿಗೆ ಮುಂದೆ ಇರುವ ಡಿಸ್ಟ್ರಿಬ್ಯೂಟರು ಇದಕ್ಕೆ ಹಿಂದೆ, ಚಾಲಕನ ಮುಂದಿನ ಗೋಡೆಗೆ ಒತ್ತಿಕೊಂಡು ಇರುತ್ತದೆ. ದುರಸ್ತಿಗೆ ಕೈ ಹೋಗುವುದು ಕಷ್ಟ. ನಾಲ್ಕನೆಯದು ಅಣ್ಣನ ಬಯಕೆಯಾದ ಫೋರ್ಡಿನ ಏಳು ಲೀಟರು. ತೂಕ ರೋವರಿನ ಒಂದೂವರೆ ಪಟ್ಟಿಗೂ ಮಿಗಿಲು.

"ಬಲ ಎಷ್ಟೆಂದು ಎಲ್ಲರೂ ಕೇಳುತ್ತಾರೆ. ಜಾಗ ಎಷ್ಟು, ತೂಕ ಎಲ್ಲಿ, ಬಿಸಿ ಹೋಗುವುದೆಲ್ಲಿ ಎಂದು ಕೇಳುವವರಿಲ್ಲ," ಎಂದು ಆತ ಹಲಗೆಯ ಎಂಜಿನನ್ನು ಎತ್ತಿ ತೋರಿಸಿದರು. ಹೊಗೆಯ ಕೊಳವೆ ಸ್ಟಿಯರಿಂಗಿನ ಸರಳಿಗೆ ತಾಗಬಾರದು. ಎಣ್ಣೆಯ ತೊಟ್ಟಿ ನೆಲಕ್ಕೆ ತಾಗಬಾರದು. ಮೇಲ್ಭಾಗ ಬಾನೆಟ್ಟಿಗೆ ಮುಟ್ಟಬಾರದು. ಗೇರ್ ಬಾಕ್ಸಿನ ಕೋಲು ಸರಿಯಾಗಿ ಕೈಯ ಬಳಿಗೆ ಬರಬೇಕು. ಎಂಜಿನು ಹೆಚ್ಚು ಬಲದ್ದಾದಷ್ಟೂ ಕ್ಲಚ್ಚು, ಡಿಫರೆನ್ಷಿಯಲ್, ಬ್ರೇಕು, ರೇಡಿಯೇಟರ್ ಎಲ್ಲವೂ ಹಿರಿದಾಗಬೇಕು. ಒಂದರ ಬೆಲೆ ನಾಲ್ಕರ ಬೆಲೆಯಾಗುತ್ತದೆ. ಏಳು ಲೀಟರನ್ನು ಹಳೆಯ ಚಾಸಿ ತಾಳಲಾರದೆಂದು ತಿಳಿದೇ, 1965ರಲ್ಲಿ ಮೂರಂಗುಲದ ಕೊಳವೆಗಳನ್ನು ನಾಲ್ಕಂಗುಲಕ್ಕೆ ಏರಿಸಿ, ಪಟ್ಟಿ ಸ್ಪ್ರಿಂಗುಗಳನ್ನು ತೆಗೆದು ಸುರುಳಿ ಸ್ಪ್ರಿಂಗುಗಳನ್ನು ಹಾಕಿದರು. ಎಂದರೆ ಎಂಜಿನು ಬದಲಾದಾಗ ಕಾರೇ ಬದಲಾಯಿತು.

ಸರಕಾರದ ನಿಯಮಗಳೂ ಸುಮ್ಮನಿರುವುದಿಲ್ಲ. ಮನೆಯಲ್ಲಿ ಕಟ್ಟಿದ ಪ್ರತಿಯೊಂದು ಕಾರೂ ಆ ದೇಶದಲ್ಲಿ ರಸ್ತೆಗಿಳಿಯುವ ಮುನ್ನ ಬಿಡಿಬಿಡಿಯಾಗಿ ಪರೀಕ್ಷೆಗೆ ಒಳಗಾಗಬೇಕು. ಎಂಜಿನು ಯಾವ ವರ್ಷದ್ದೆಂಬುದಕ್ಕೆ ಆಧಾರವಿದ್ದರೆ ಹೊಗೆಯ ಪರೀಕ್ಷೆ ಆ ಕಾಲದ ನಿಯಮದಂತೆ. ಹೊಸದಾದಷ್ಟೂ ನಿಯಮ ಬಿಗಿ. ಆದ್ದರಿಂದ ಹಳೆಯ ಎಂಜಿನನ್ನು ಕೊಳ್ಳುವಾಗ ಅದರ ಕಾಗದಪತ್ರಕ್ಕೂ ಬೆಲೆಯುಂಟು. ನಮ್ಮ ದನದ ಜಾತ್ರೆಯಲ್ಲಿ ರೈತನು ಹೋರಿಯ ಹಲ್ಲು, ಸುಳಿ, ಗೊರಸು ಎಲ್ಲವನ್ನೂ ನೋಡುತ್ತಾನಲ್ಲವೆ? ಅದರಂತೆ ಇವರೂ ಎಣ್ಣೆಯ ಬಣ್ಣ, ನೀರಿನ ಬಣ್ಣ, ಓಡಿಸಿದಾಗಿನ ಟಿಕಟಿಕ ಸದ್ದು, ಸಂಖ್ಯೆಯ ಮುದ್ರೆ, ಎಲ್ಲವನ್ನೂ ಪರೀಕ್ಷಿಸುತ್ತಾರೆ.

ಬಾಕ್ಸ್ ಹಿಲ್ಲಿನ ಏರುದಾರಿ

ಲೆಕ್ಕವೆಲ್ಲ ರೋವರಿನ ಕಡೆಗೇ ವಾಲುತ್ತಿತ್ತು. ಮನಸ್ಸು ಮಾತ್ರ ಅಣ್ಣನ ಕಡೆಗೆ. ಆ ಭಾನುವಾರ ಅವರ ಮಿತ್ರರೊಬ್ಬರು ತಮ್ಮ ಏಳು ಲೀಟರಿನ ಪ್ರತಿಕೃತಿಯನ್ನು ತಂದರು. ಸರ್ರಿ ಸೀಮೆಯ ಬಾಕ್ಸ್ ಹಿಲ್ ಎಂಬ ಗುಡ್ಡ ಅಲ್ಲಿಂದ ದೂರವಿಲ್ಲ. 2012ರ ಒಲಿಂಪಿಕ್ಸಿನ ಸೈಕಲ್ ಪಂದ್ಯ ಸಾಗಿದ ಅಂಕುಡೊಂಕಿನ ಏರುದಾರಿ ಅದು. ಇಬ್ಬರಿಗೇ ಆಸನ, ಒಮ್ಮೆ ನನ್ನನ್ನು, ಒಮ್ಮೆ ಮೇಷ್ಟರನ್ನು, ಒಮ್ಮೆ ಅವರ ಪತ್ನಿಯನ್ನು ಕೂರಿಸಿಕೊಂಡು ಹೋಗಿ ಬಂದರು.

ಆ ಗರ್ಜನೆಯನ್ನು ಬಣ್ಣಿಸಲು ನನ್ನಲ್ಲಿ ಮಾತಿಲ್ಲ. ಪೆಡಲನ್ನು ಅಷ್ಟಿಷ್ಟು ಒತ್ತಿದರೂ ಗುಡ್ಡವೇ ನಮ್ಮತ್ತ ಓಡಿಬಂದಂತೆ ತೋರುತ್ತಿತ್ತು. ಆದರೆ ಒತ್ತುವುದಕ್ಕೆ ರಸ್ತೆಯೆಲ್ಲಿ? ಎರಡು ಕಡೆಯೂ ಮರಗಿಡ, ಮುಂದೆ ತಿರುವು, ತಿರುವಿನಾಚೆ ಸೈಕಲ್ ಸವಾರರು. ಭಾರವಾದ ಮೂತಿಯನ್ನು ಪ್ರತಿ ತಿರುವಿನಲ್ಲಿಯೂ ಎಳೆದು ತಿರುಗಿಸಬೇಕು. ಕಾಲಿಟ್ಟ ಕಡೆ ಒಲೆಯ ಮುಂದೆ ಕುಳಿತಂಥ ಕಾವು. ಇಳಿಯುವಾಗ ಬಾಗಿಲ ಕೆಳಗಿನ ಹೊಗೆಕೊಳವೆಗೆ ಕಾಲು ತಾಗದಂತೆ ಎಚ್ಚರ. ಮೇಷ್ಟರ ಪತ್ನಿ ಇಳಿದವರೇ ನಕ್ಕು ಹೇಳಿದರು: "ಕಾರ್ನ್‌ವಾಲಿನ ಸಮುದ್ರತೀರಕ್ಕೆ ಕರೆದೊಯ್ಯುತ್ತೀರೆಂದು ಮೂರು ವರ್ಷದಿಂದ ಕಾದಿದ್ದೇನೆ. ಇದರಲ್ಲಿ ಹೋದರೆ ನೀವು ಆಡುವ ಒಂದು ಮಾತೂ ನನಗೆ ಕೇಳಿಸದು. ಇನ್ನೆಷ್ಟು ಬೇಸಿಗೆಗಳು ನಮ್ಮ ಪಾಲಿಗಿವೆ?"

ಮೇಷ್ಟರು ಉತ್ತರ ಕೊಡಲಿಲ್ಲ. ರಾತ್ರಿ ಊಟವಾದ ಮೇಲೆ ಅಣ್ಣನ ಕಾಲದ ಒಂದು ಚಿತ್ರವನ್ನು ತಂದು ನನ್ನ ಮುಂದಿಟ್ಟರು. ಕಾರ್ಖಾನೆಯ ಅಂಗಳದಲ್ಲಿ ಸಾಲಾಗಿ ಕೋಬ್ರಾಗಳು: ಬಣ್ಣ ಬಳಿದು, ಆಸನಕ್ಕೆ ಚರ್ಮ ಹೊದಿಸಿ, ಹಡಗಿಗೆ ಸಿದ್ಧವಾದವು. ಬದಿಯಲ್ಲಿ ತೋಳು ಮಡಿಚಿ ನಿಂತ ಹುಡುಗನೇ ಅಣ್ಣ.

"ಇವುಗಳ ಬಾನೆಟ್ಟಿನ ಕೆಳಗೆ ಏನಿದೆ ಗೊತ್ತೆ?" ಎಂದು ಕೇಳಿದರು.

"ಎಂಜಿನು," ಎಂದೆ.

"ಏನೂ ಇಲ್ಲ. ಅಮೆರಿಕಕ್ಕೆ ಹೋದ ಕಾರುಗಳು ಎಂಜಿನೂ ಗೇರ್ ಬಾಕ್ಸೂ ಇಲ್ಲದೆಯೇ ಇಲ್ಲಿಂದ ಹೊರಟವು. ಅದನ್ನು ಹಾಕುವುದು ಆ ದಡದವರ ಕೆಲಸ. ನಮ್ಮ ಅಣ್ಣ ಮೈ ಬಡಿದ; ಎದೆಯನ್ನು ಅವನು ಎಂದೂ ಮುಟ್ಟಲಿಲ್ಲ."

ಆ ಮಾತಿನಲ್ಲಿ ಅವರಿಗೆ ಬೇಕಾದ ಅಪ್ಪಣೆ ದೊರೆತಂತಿತ್ತು. ಕಾರು ಕಟ್ಟಿದ ಊರು ಎಂಜಿನನ್ನು ಗೊತ್ತುಮಾಡಲಿಲ್ಲ. ಅದನ್ನು ಓಡಿಸುವವನ ರಸ್ತೆ, ಅವನ ಕಾಲ, ಅವನ ಕೈಯ ಕಸುವು ಗೊತ್ತುಮಾಡಿದವು. ಕ್ಯಾಲಿಫೋರ್ನಿಯದ ಪಂದ್ಯದ ಅಂಕಣಕ್ಕೆ ತಕ್ಕದ್ದನ್ನು ಶೆಲ್ಬಿ ಆರಿಸಿದ. ಸರ್ರಿಯ ಓಣಿಗೂ ಕಾರ್ನ್‌ವಾಲಿನ ಕಡಲದಾರಿಗೂ ತಕ್ಕದ್ದನ್ನು ಈ ಮೇಷ್ಟರು ಆರಿಸಬೇಕು. ಪ್ರತಿಕೃತಿಯಲ್ಲಿ ಅಸಲಿಗೆ ಸಲ್ಲಬೇಕಾದ ನಿಷ್ಠೆ ಏನಾದರೂ ಇದ್ದರೆ, ಅದು ಅಸಲು ಹುಟ್ಟಿದ ರೀತಿಗೆ ಸಲ್ಲತಕ್ಕ ನಿಷ್ಠೆ. ಎಂಜಿನಿನ ಮೇಲಿನ ಅಂಕಿಗಲ್ಲ. ಹಾಸಿಗೆಯಿದ್ದಷ್ಟು ಕಾಲು ಚಾಚೆಂಬ ನಮ್ಮ ಗಾದೆಯಲ್ಲಿ ಜಿಪುಣತನವಿಲ್ಲ. ಸುಖವಾಗಿ ಮಲಗುವ ಉಪಾಯವಿದೆ.

ಮರುದಿನ ಕಪ್ಪು ಹಲಗೆಯ ಮೇಲೆ ಒಂದೇ ಹೆಸರು ಉಳಿದಿತ್ತು: ರೋವರ್, 3.9 ಲೀಟರು. ಹಳೆಯ ರೇಂಜ್ ರೋವರೊಂದರಿಂದ ಕಳಚಿದ್ದು, ಕಾಗದಪತ್ರ ಸರಿಯಾಗಿರುವುದು, ಸಮೀಪದ ಊರಿನಲ್ಲೇ ಇತ್ತಂತೆ. ನಾನು ಭಾರತಕ್ಕೆ ಮರಳಿದ ಆರು ವಾರಗಳ ಮೇಲೆ ಅವರಿಂದ ಒಂದು ಕಾಗದ ಬಂತು. ಎಂಜಿನು ಇಳಿದು ಕುಳಿತಿದೆ. ಹೊಗೆಯ ಕೊಳವೆಗೂ ಸ್ಟಿಯರಿಂಗಿನ ಸರಳಿಗೂ ನಡುವೆ ಒಂದು ಬೆರಳಿನಷ್ಟು ತೆರಪು ಉಳಿದಿದೆ. ಕ್ಯಾಮ್ ಶಾಫ್ಟನ್ನು ಹೊಸದಾಗಿ ಹಾಕಿಸಿದ್ದಾಯಿತು. ಕೊನೆಯಲ್ಲಿ ಒಂದೇ ಸಾಲು: ಬಾನೆಟ್ಟಿನ ಅಂಚು ಕೂಡದೆ ಒಂದೆಡೆ ಎದ್ದುಕೊಂಡಿತ್ತಂತೆ, ಅಣ್ಣನ ಸುತ್ತಿಗೆಯನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದು, ಅಡಿಯ ಲೋಹದ ಚೌಕಟ್ಟನ್ನು ಬಡಿದು ಸರಿಪಡಿಸಿದರಂತೆ.